ಶೀತಪೇಟಿಕಾ ನಾದಮೀಮಾಂಸೆ

ಪೀಠಿಕೆ

ಆಧುನಿಕ ಗೃಹಸ್ಥಾಶ್ರಮದಲ್ಲಿ ಫ್ರಿಜ್ ಎಂಬ ಶೀತಪೇಟಿಕೆಯಷ್ಟು ಮಾತಾಡುವ, ಅಷ್ಟೇ ಅಪಾರ್ಥಕ್ಕೆ ಗುರಿಯಾಗುವ ಸದಸ್ಯ ಇನ್ನೊಬ್ಬನಿಲ್ಲ. ಮಿಕ್ಸಿ ಕಿರುಚಿದರೆ ಚಟ್ನಿಯೆಂದು ತಿಳಿಯುತ್ತೇವೆ. ಕುಕ್ಕರ್ ಕೂಗಿದರೆ ಬೆರಳು ಮಡಿಸಿ ಎಣಿಸುತ್ತೇವೆ. ಫ್ರಿಜ್ ‘ಗುಳುಗುಳು’ ಎಂದರೆ ಮಾತ್ರ ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಅಜ್ಞಾನ ಪರಿಹಾರಾರ್ಥವಾಗಿ ಪ್ರಸ್ತುತ ಶಾಸ್ತ್ರ ಪ್ರವೃತ್ತವಾಗಿದೆ. ಇದಕ್ಕೆ ಅಧಿಕಾರಿ ಯಾರು? ನಡುರಾತ್ರಿ ಎದ್ದು ಬಂದು ಫ್ರಿಜ್ ಬಾಗಿಲಿಗೆ ಕಿವಿಯಾನಿಸಿ ನಿಂತವರೇ ಅಧಿಕಾರಿಗಳು.

ಪೂರ್ವಸೂರಿಗಳು

13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದವು ನಾಭಿಮೂಲದಲ್ಲಿ ಹುಟ್ಟುವ ದ್ರವ್ಯವೆಂದೂ ಅದರ ಬಣ್ಣ ಬಿಳಿಯೆಂದೂ ಹೇಳಿದ್ದಾನೆ. ವೈಯಾಕರಣರು ಇದನ್ನು ಮನುಷ್ಯರ ಮಾತಿಗೆ ಅನ್ವಯಿಸಿ ಸುಮ್ಮನಾದರು. ಫ್ರಿಜ್ಜಿನ ಹಿಂಬದಿಗೆ ಹೋಗಿ ಬಗ್ಗಿ ನೋಡಿದವರಿಗೆ ನಿಜಾರ್ಥ ಹೊಳೆಯುತ್ತದೆ. ತಳದಲ್ಲಿ ಕುಳಿತ ಕರಿಯ ಕಂಪ್ರೆಸರೇ ನಾಭಿ. ಮೈಬಣ್ಣವಂತೂ, ಕೆಂಪು-ನೀಲಿ ಹೂವಿನ ಮಾಡೆಲ್ಲುಗಳು ಬರುವ ಮುನ್ನ, ಬಿಳಿಯೇ ಆಗಿತ್ತು.

ಪಾಶ್ಚಾತ್ಯರಲ್ಲಿ ಐನ್‌ಸ್ಟೈನ್ ಉಲ್ಲೇಖಾರ್ಹರು. ಅವರು ಲಿಯೋ ಸಿಲಾರ್ಡ್ ಜೊತೆಗೂಡಿ ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಇವರದೇ ಇನ್ನೊಂದು ವಿನ್ಯಾಸದಲ್ಲಿ ದ್ರವಲೋಹವನ್ನು ವಿದ್ಯುತ್ಕಾಂತ ಬಲದಿಂದ ನೂಕುವ ಪಂಪಿತ್ತು. ಅದರ ಗದ್ದಲ ತಡೆಯಲಾಗದಷ್ಟಿತ್ತು. ಆ ಫ್ರಿಜ್ ಪೇಟೆಗೆ ಬರಲೇ ಇಲ್ಲ. ಸಾಪೇಕ್ಷತಾ ಸಿದ್ಧಾಂತ ಕೊಟ್ಟವರಿಗೇ ಒಲಿಯದ ಮೌನವನ್ನು ನಾವು ಕಂತಿನಲ್ಲಿ ತಂದ ಫ್ರಿಜ್ಜಿನಿಂದ ಬಯಸುವುದು ಅತ್ಯಾಸೆ.

ಸೂತ್ರ ಮತ್ತು ವೃತ್ತಿ

ಸೂತ್ರ 1: ಟಕ್ಕೆಂದೊಡೆ ಗುಂಯ್ಯೆಂಗುಂ.

ವೃತ್ತಿ: ಒಳಗೆ ಸೆಖೆಯೇರಿದ್ದನ್ನು ಥರ್ಮೋಸ್ಟಾಟ್ ಗ್ರಹಿಸಿ ಸ್ವಿಚ್ ಹಾಕುವ ಸದ್ದು ‘ಟಕ್’. ಕಂಪ್ರೆಸರ್ ಹೊರಟ ಸದ್ದು ‘ಗುಂಯ್’. ನಮ್ಮ ಕರೆಂಟಿಗೆ ಸೆಕೆಂಡಿಗೆ 50 ಆವರ್ತ. ಒಂದೊಂದು ಆವರ್ತದಲ್ಲೂ ಮೋಟಾರಿನ ಕಾಂತ ಎರಡು ಸಲ ಜಗ್ಗುವುದರಿಂದ 100 ಕಂಪನ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್ಡಿಗೆ ಕೂಡಿಕೊಂಡಿತು. ಅಂದಿನಿಂದ ಬೀದರಿನ ಫ್ರಿಜ್ಜೂ ಲೂಧಿಯಾನದ ಫ್ರಿಜ್ಜೂ ಒಂದೇ ಶ್ರುತಿಯಲ್ಲಿವೆ. ಭಾವೈಕ್ಯದ ಈ ಮಹತ್ಸಾಧನೆ ಭಾಷಣಕಾರರ ಗಮನಕ್ಕೆ ಇನ್ನೂ ಬಂದಂತಿಲ್ಲ. ವೇಗವನ್ನು ತಾವೇ ಏರಿಸಿ ಇಳಿಸಿಕೊಳ್ಳುವ ಇನ್ವರ್ಟರ್ ಕಂಪ್ರೆಸರುಗಳು ಮಾತ್ರ ಶ್ರುತಿಭ್ರಷ್ಟ ಪಂಥದವು.

ಸೂತ್ರ 2: ಗುಂಯ್ ನಿಂದೊಡೆ ಗುಳುಗುಳು.

ವೃತ್ತಿ: ಸ್ಪ್ರಿಂಗುಗಳ ಮೇಲೆ ಕೂತ ಪಂಪು ನಿಲ್ಲುವಾಗ ಒಮ್ಮೆ ಮೈಕೊಡವುತ್ತದೆ: ‘ದಡಲ್’. ಬಳಿಕ ಒತ್ತಡದಲ್ಲಿದ್ದ ಶೀತಕವು ಬಲು ಸಣ್ಣ ಕೊಳವೆಯಲ್ಲಿ ನುಸುಳಿ ಫ್ರೀಜರ್ ಸುರುಳಿಗೆ ಇಳಿಯುತ್ತ, ಎರಡೂ ಕಡೆ ಒತ್ತಡ ಸಮವಾಗುವವರೆಗೆ ಗುಳುಗುಳಿಸುತ್ತದೆ. ಅಷ್ಟರೊಳಗೆ ಮತ್ತೆ ಚಾಲೂ ಮಾಡಿದರೆ ಮೋಟಾರು ಒದ್ದಾಡುತ್ತದೆ. ಕರೆಂಟ್ ಹೋಗಿ ಬಂದಾಗ ಎಷ್ಟೋ ಸ್ಟೆಬಿಲೈಜರುಗಳು ಸುಮಾರು 3 ನಿಮಿಷ ತಡೆಹಿಡಿಯುವುದು ಇದಕ್ಕೇ. ಈಗಿನ ಹೆಚ್ಚಿನ ಫ್ರಿಜ್ಜುಗಳಲ್ಲಿ ಶೀತಕವೆಂದರೆ ಆರ್-600ಎ, ಅರ್ಥಾತ್ ಐಸೊಬ್ಯುಟೇನ್. ಅಡುಗೆ ಅನಿಲದ ದಾಯಾದಿ. ಗ್ಯಾಸ್ ಪುಸ್ತಕವನ್ನು ಫ್ರಿಜ್ಜಿನ ಮೇಲೆಯೇ ಇಡುವ ಸಂಪ್ರದಾಯದ ಮೂಲ ಇಲ್ಲಿದೆಯೇ ಎಂಬುದು ಪ್ರತ್ಯೇಕ ಪಿಎಚ್‌ಡಿಯ ವಿಷಯ.

ಸೂತ್ರ 3: ಇರುಳೊಳ್ ಚಟಿಲ್.

ವೃತ್ತಿ: ಒಳಗಿನ ಪ್ಲಾಸ್ಟಿಕ್ ಗೋಡೆ ತಣಿದಾಗ ಕುಗ್ಗುತ್ತದೆ, ಕಾವೇರಿದಾಗ ಹಿಗ್ಗುತ್ತದೆ, ಪಕ್ಕದ ಲೋಹಕ್ಕೆ ಅಷ್ಟು ಉತ್ಸಾಹವಿಲ್ಲದ ಕಾರಣ ಜಗ್ಗಾಟ. ಹಗಲಲ್ಲೂ ಚಟಿಲ್ ಉಂಟು. ಧಾರಾವಾಹಿಯ ಅತ್ತೆ-ಸೊಸೆಯರ ನಡುವೆ ಅದಕ್ಕೆ ಸರದಿ ಸಿಗುವುದಿಲ್ಲ, ಅಷ್ಟೆ.

ಸೂತ್ರ 4: ಒಗ್ಗರಣೆಯಿಲ್ಲದೆಯುಂ ಚೊಂಯ್.

ವೃತ್ತಿ: ಇದು ಫ್ರಾಸ್ಟ್-ಫ್ರೀ ಕುಲದ ಲಕ್ಷಣ. ಕಟ್ಟಿದ ಹಿಮ ಕರಗಿಸಲು ಆಗಾಗ ಹೀಟರ್ ಹತ್ತಿಕೊಳ್ಳುತ್ತದೆ. ಅದರ ಮೇಲೆ ಬಿದ್ದ ಹನಿಗಳ ಸದ್ದೇ ಚೊಂಯ್. ಕೇಳಿದವರು ಒಲೆ ಆರಿಸಲು ಓಡಿ, ಆರಿದ ಒಲೆ ಕಂಡು ಪೆಚ್ಚಾಗುತ್ತಾರೆ. ಕರಗಿದ ನೀರು ತೊಟ್ಟಿಕ್ಕುತ್ತ ಕಂಪ್ರೆಸರ್ ಮೇಲಿನ ತಟ್ಟೆ ಸೇರಿ ಅದರ ಕಾವಿಗೇ ಆವಿಯಾಗುತ್ತದೆ. ತಾನು ಚೆಲ್ಲಿದ ನೀರನ್ನು ತಾನೇ ಒರೆಸುವ ಸದಸ್ಯ ಆ ಮನೆಯಲ್ಲಿ ಬೇರೆ ಇಲ್ಲ.

ಸೂತ್ರ 5: ಗಡಗಡಂ ಪರಕೀಯಂ.

ವೃತ್ತಿ: ಕಂಪ್ರೆಸರ್ ಓಡುವಾಗ ಫ್ರಿಜ್ಜಿನ ನೆತ್ತಿಯ ಮೇಲಿನ ಸಾಮಾನನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಗಡಗಡ ನಿಂತರೆ ಅಪರಾಧಿ ಅಲ್ಲೇ ಸಿಕ್ಕಿದ: ಉಪ್ಪಿನಕಾಯಿ ಬಾಟಲಿಗೆ ತಾಗಿ ನಡುಗುತ್ತಿದ್ದ ಸ್ಟೀಲ್ ಡಬ್ಬದ ಮುಚ್ಚಳ. ನಿಲ್ಲದಿದ್ದರೆ ಒಳಗೆ ನೋಡಿ: ಕೆನೆ ಬಟ್ಟಲಿಗೆ ಒರಗಿದ ಚಮಚ. ಅದೂ ಅಲ್ಲವಾದರೆ ಕಾಲುಗಳಲ್ಲೊಂದು ನೆಲ ಮುಟ್ಟಿಲ್ಲ, ತಿರುಪಿ ಸರಿಮಾಡಿ. ಡಬ್ಬದ ಗುಣವನ್ನು ಪೆಟ್ಟಿಗೆಗೆ ಆರೋಪಿಸುವ ಈ ಭ್ರಮೆಯನ್ನೇ ವೇದಾಂತಿಗಳು ಅಧ್ಯಾಸ ಎಂದದ್ದು.

ಪೂರ್ವಪಕ್ಷ ಮತ್ತು ಖಂಡನೆ

ಅಜ್ಜಿಯದು ಶಕುನವಾದ: “ಹೊರಡೋವಾಗ ಟಕ್ ಅಂತು, ಒಂದು ಗಳಿಗೆ ಕೂತು ಹೋಗು.” ಯಜಮಾನರದು ಕ್ಷಣಿಕವಾದ: “ಮುಗೀತು ಇದರ ಕಥೆ.” ಮಗನದು ಪುನರ್ಜನ್ಮವಾದ: “ಎಕ್ಸ್‌ಚೇಂಜ್ ಆಫರ್ ಇದೆಯಪ್ಪಾ.” ಮೆಕ್ಯಾನಿಕ್ಕನದು ಶೂನ್ಯವಾದ: “ಗ್ಯಾಸ್ ಖಾಲಿ ಆಗಿದೆ ಸಾರ್.”

ಮೊದಲ ಮೂರನ್ನು ಖಂಡಿಸುವ ಧೈರ್ಯ ಯಾವ ಶಾಸ್ತ್ರಕಾರನಿಗೂ ಇಲ್ಲ. ನಾಲ್ಕನೆಯದಕ್ಕೆ ಉತ್ತರ: ಶೀತಕವು ಬೆಸುಗೆ ಹಾಕಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆಯೇ ಹೊರತು ಸಿಲಿಂಡರಿನ ಗ್ಯಾಸಿನ ಹಾಗೆ ಉರಿದು ತೀರುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ಗ್ಯಾಸ್ ತುಂಬುವುದು ಶಾಸ್ತ್ರಕ್ಕೂ ವಿರುದ್ಧ, ಜೇಬಿಗೂ ವಿರುದ್ಧ.

ಸಿದ್ಧಾಂತ

ಮೊದಲ ನಾಲ್ಕು ನಾದಗಳು ಫ್ರಿಜ್ಜಿನ ಕಾಯಕ. ಐದನೆಯದು ಅದರ ಮೇಲೆ ಹೊರಿಸಿದ ನಿಂದೆ. ಕಾಯಿಲೆಗೆ ಅಪವಾದ ಸೂತ್ರವೊಂದುಂಟು: ಟಕ್ಕುಟಕ್ಕೆಂದುಂ ಗುಂಯ್ಯೆನ್ನದೊಡೆ ಕರೆವುದು. ಕೆಲವು ಸೆಕೆಂಡು ಮುಲುಗಿ, ಟಕ್ಕೆಂದು ನಿಂತು, ಕೆಲವು ನಿಮಿಷದ ಬಳಿಕ ಮತ್ತೆ ಅದನ್ನೇ ಮಾಡುತ್ತಿದ್ದರೆ ಮೋಟಾರು ಹೊರಡಲಾರದೆ ಒದ್ದಾಡುತ್ತಿದೆ, ಓವರ್‌ಲೋಡ್ ಸ್ವಿಚ್ಚು ಕರೆಂಟು ಕಡಿಯುತ್ತಿದೆ ಎಂದರ್ಥ. ವೋಲ್ಟೇಜ್ ಇಳಿದಿದೆಯೇ ನೋಡಬೇಕು. ಇಲ್ಲವಾದರೆ ರಿಲೇ ಅಥವಾ ಕಂಪ್ರೆಸರ್ ಕೆಟ್ಟಿರಬಹುದು. ಪ್ಲಗ್ ತೆಗೆದು, ಈಗಷ್ಟೇ ಖಂಡಿಸಲ್ಪಟ್ಟ ಶೂನ್ಯವಾದಿಯನ್ನೇ ಮರ್ಯಾದೆಯಿಂದ ಕರೆಸತಕ್ಕದ್ದು.

ಫಲಶ್ರುತಿ

ಈ ಪ್ರಬಂಧವನ್ನು ನಿತ್ಯವೂ ಫ್ರಿಜ್ಜಿನ ಮುಂದೆ ನಿಂತು ಭಕ್ತಿಯಿಂದ ಪಠಿಸುವವರಿಗೆ ನಿದ್ರಾಭಂಗವಾಗದು, ಅವರ ದೋಸೆಹಿಟ್ಟು ಹುಳಿಯದು, ಕೊತ್ತಂಬರಿ ಬಾಡದು, ಸರ್ವೀಸ್ ಚಾರ್ಜು ಸಮೀಪಿಸದು. ಬಾಗಿಲು ತೆರೆದು, ತಂಪು ಸೇವಿಸುತ್ತ ಪಠಿಸುವವರಿಗೆ ಗುಂಯ್‌ಕಾರವು ಅಖಂಡವಾಗಿ ಲಭಿಸಿ, ತಿಂಗಳ ಕೊನೆಗೆ ಕರೆಂಟ್ ಬಿಲ್ಲಿನಲ್ಲಿ ಸಾಕ್ಷಾತ್ಕಾರವಾಗುವುದು.