ಏಸಿ ಮೇಷ್ಟ್ರು

ಊರಿಗೊಬ್ಬ ಏಸಿ ಮೇಷ್ಟ್ರು ಇದ್ದೇ ಇರುತ್ತಾರೆ. ನೀಲಗುಂದದವರಿಗೆ ನಿವೃತ್ತಿಯಾಗಿದೆ, ಅವರ ಕಾರಿಗೆ ಇನ್ನೂ ಆಗಿಲ್ಲ. 2003ರ ಮಾರುತಿ 800, ಏಸಿ ಮಾಡೆಲ್ಲು. ಕಂಪನಿ 2014ರಲ್ಲಿ ಈ ಕಾರು ತಯಾರಿಸುವುದನ್ನೇ ಬಿಟ್ಟಿತು. ಮೇಷ್ಟ್ರು ಓಡಿಸುವುದನ್ನು ಬಿಟ್ಟಿಲ್ಲ. ನಂಬರ್ ಪ್ಲೇಟು ಕೆಎ-17. ಕಾರು ರಸ್ತೆಗಿಳಿದಾಗ ನೀಲಗುಂದ ಇರುವ ಹರಪನಹಳ್ಳಿ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು. 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಸರ್ಕಾರ ಜಿಲ್ಲೆಯನ್ನೇ ಎರಡು ಸಲ ಬದಲಾಯಿಸಿತು; ಮೇಷ್ಟ್ರ ಕೈಲಿ ಏಸಿಯ ಒಂದು ಕಂಪ್ರೆಸರ್ ಬದಲಾಯಿಸಲು ಆಗಿರಲಿಲ್ಲ.

ಕೆಟ್ಟಿದೆ ಎಂದು ಒಪ್ಪಿದರೆ ತಾನೇ ಬದಲಾಯಿಸುವುದು? "ಏಸಿಗೆ ಏನೂ ಆಗಿಲ್ರಿ, ಗ್ಯಾಸ್ ಒಂಚೂರು ಕಮ್ಮಿ ಆಗೈತಿ" ಎನ್ನುತ್ತ ಪ್ರತಿ ಯುಗಾದಿಗೆ ಗ್ಯಾಸ್ ತುಂಬಿಸುತ್ತಾರೆ. ಬಸವ ಜಯಂತಿ ಹೊತ್ತಿಗೆ ಬಿಸಿಗಾಳಿ. ಮೆಕ್ಯಾನಿಕ್ ಹುಡುಗ ತಿಳಿಸಿ ಹೇಳಿದ: "ಸರ್, ಅದು ಖರ್ಚಾಗೋ ವಸ್ತು ಅಲ್ಲ. ಪೈಪಿನೊಳಗ ಸುತ್ತಿ ಸುತ್ತಿ ಅಲ್ಲೇ ಇರಬೇಕು. ಕಮ್ಮಿ ಆತು ಅಂದ್ರ ಎಲ್ಲೋ ಸೋರಾಕತ್ತೈತಿ." ಮೇಷ್ಟ್ರದು ಅಡುಗೆ ಸಿಲಿಂಡರಿನ ಲೆಕ್ಕ: "ಮನ್ಯಾಗಿಂದು ಎರಡು ತಿಂಗಳಿಗೇ ಮುಗೀತೈತಿ. ಇದು ಒಂದು ತಿಂಗಳು ಬಂತಲ್ಲೋ, ಸಾಕು ಬಿಡು."

ಹೊರಗೆ ಮೇ ತಿಂಗಳ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಇರಲಿ, ಕಾರಿನ ಗಾಜು ಮಾತ್ರ ಇಳಿಯಕೂಡದು. ಏಸಿ ಕಾರು ಗಾಜು ಇಳಿಸಿಕೊಂಡು ಕೊಟ್ಟೂರು ಬಸ್‌ಸ್ಟ್ಯಾಂಡ್ ಮುಂದೆ ಹೋದರೆ ಕಂಡವರು ಏನಂದಾರು? ಹಡಗಲಿ ಮಲ್ಲಿಗೆ ಮುಡಿದು ಹಿಂದಿನ ಸೀಟಿನಲ್ಲಿ ಕೂತ ಮನೆಯವರು, ಊರ ಅಗಸಿ ದಾಟುವ ಮೊದಲೇ ಹೂವಿನ ಜೊತೆ ತಾವೂ ಬಾಡುತ್ತಾರೆ. ಬೆವರು ಒರೆಸುತ್ತ ಬೀಗರೊಬ್ಬರು ಅಂದರಂತೆ: "ಉಜ್ಜಿನಿ ಒಳಗ ನೋಡು, ಹಂಪಿ ಹೊರಗ ನೋಡು ಅಂತಾರ. ಮೇಷ್ಟ್ರ ಕಾರು ಹೊರಗಷ್ಟ ನೋಡಬೇಕು."

ಅದಕ್ಕೇ ನೆಂಟರು ಬಂದರೆ ಮೇಷ್ಟ್ರು ನೇರ ಊರಿನ ಭೀಮೇಶ್ವರ ಗುಡಿಗೆ ಕರೆದೊಯ್ಯುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ, ಕಂಬಗಳ ನಯಗಾರಿಕೆ ನೋಡಿದಷ್ಟೂ ಮುಗಿಯದು. ನೆಂಟರು ಶಿಲ್ಪಕ್ಕೆ ಮನಸೋತು ಗಂಟೆಗಟ್ಟಲೆ ಕೂತರು ಎಂದು ಮೇಷ್ಟ್ರಿಗೆ ಹೆಮ್ಮೆ. ನೆಂಟರು ಕೂತದ್ದು ಕಲ್ಲಿನ ತಂಪಿಗೆ.

ಹಡಗಲಿಗೆ ಮದುವೆಗೆ ಹೊರಟ ದಿನ ಏಸಿ ಗುಂಡಿ ಒತ್ತಿದರು ನೋಡಿ, ಬೆಲ್ಟ್ ಕಿರ್ರೆಂದಿತು, ಸುಟ್ಟ ವಾಸನೆ ಬಂತು. ಕಂಪ್ರೆಸರ್ ಜಾಮ್. ಮೆಕ್ಯಾನಿಕ್ ಪಟ್ಟಿ ಓದಿದ: ಹೊಸ ಕಂಪ್ರೆಸರ್, ಹೊಸ ಡ್ರೈಯರ್, ಪೈಪ್‌ಲೈನ್ ಫ್ಲಶ್, ಆಯಿಲ್, ವ್ಯಾಕ್ಯೂಮ್, ಕೊನೆಗೆ ಗ್ಯಾಸ್. ಮೇಷ್ಟ್ರು ಉತ್ತರಪತ್ರಿಕೆ ತಿದ್ದುವ ಕೈಯಿಂದ ಒಂದೊಂದನ್ನೇ ಹೊಡೆದು ಹಾಕಿದರು. "ಡ್ರೈಯರ್ ಹಳೇದ ಇರ್ಲಿ, ಚಲೋ ಐತಿ. ಫ್ಲಶ್ ಯಾಕ? ಪೈಪ್ ಹೊರಗಿಂದ ಸ್ವಚ್ಛ ಐತಲ್ಲ."

"ಸರ್, ಜಾಮ್ ಆಗುವಾಗ ಉದುರಿದ ಲೋಹದ ಪುಡಿ ಒಳಗೈತಿ. ಅದನ್ನ ತೆಗೀದಿದ್ರ ಹೊಸಾದನ್ನೂ ತಿಂತೈತಿ. ಡ್ರೈಯರ್ ನೀರಿನ ಪಸೆ ಹೀರೋದು. ಬಿಚ್ಚಿದ ಮ್ಯಾಲ ಹಳೇದನ್ನ ಹಾಕಂಗಿಲ್ಲ."

ಮೇಷ್ಟ್ರು ಸೋಲಲಿಲ್ಲ. ಬೆಂಗಳೂರಿನ ಅಳಿಯನಿಗೆ ಫೋನ್ ಮಾಡಿ ಶಿವಾಜಿನಗರದ ಗುಜರಿಯಿಂದ ಹಳೇ ಕಂಪ್ರೆಸರ್ ತರಿಸಿದರು. ಅದು ಬಸ್ಸಿನಲ್ಲಿ ಬಂತು, ಪೇಪರ್ ಬಿಚ್ಚಿಸಿಕೊಂಡಿತು, ಆದರೆ ಬ್ರಾಕೆಟ್ಟಿಗೆ ಕೂರಲಿಲ್ಲ; ಬೇರೆ ಕಾರಿನದು. ಅಲ್ಲಿಗೆ ಗುಜರಿಯ ದುಡ್ಡು, ಬಸ್ ಚಾರ್ಜು, ಇಷ್ಟು ವರ್ಷದ ಗ್ಯಾಸಿನ ದುಡ್ಡು ಕೂಡಿಸಿ ಮನೆಯವರು ಒಂದು ಮೊತ್ತ ಹೇಳಿದರು. ಮೇಷ್ಟ್ರು ಮಾತಾಡದೆ ಮೆಕ್ಯಾನಿಕ್ಕಿನ ಪಟ್ಟಿಗೆ ಪೂರ್ತಿ ಸಹಿ ಹಾಕಿದರು.

ಈಗ ಏಸಿ ಹಿಮದಂತೆ ಬೀಸುತ್ತದೆ. ಬೀಸುತ್ತದೆ ಎಂಬುದಕ್ಕೆ ಮೆಕ್ಯಾನಿಕ್ಕೇ ಸಾಕ್ಷಿ, ಯಾಕೆಂದರೆ ಅವನ ಗ್ಯಾರೇಜಿನಿಂದ ಹೊರಬಿದ್ದ ಕೂಡಲೇ ಮೇಷ್ಟ್ರು ಅದನ್ನು ಆರಿಸಿದರು. "796 ಸಿಸಿ ಇಂಜಿನ್ನು, ಏಸಿ ಹಾಕಿದ್ರ ಏರಿನಾಗ ಏದುಸಿರು ಬಿಡ್ತೈತಿ, ಪೆಟ್ರೋಲ್ ಬ್ಯಾರೆ." ನಾಲ್ಕೂ ಗಾಜು ಇಳಿದವು.

"ಮತ್ಯಾಕ ಅಷ್ಟು ರೊಕ್ಕ ಹಾಕಿ ಹಾಕ್ಸಿದ್ರಿ?" ಎಂದರು ಮನೆಯವರು.

"ಇರ್ಲಿ ಅಂತ."

ಮೊನ್ನೆ ಪಕ್ಕದ ಬೀದಿಯವರು ತಮ್ಮ ಹಳೇ ಸ್ಯಾಂಟ್ರೊದಲ್ಲಿ ತಂಪೇ ಬರುತ್ತಿಲ್ಲ ಎಂದು ಬಂದರು. ಮೇಷ್ಟ್ರು ಬಾನೆಟ್ ಎತ್ತಿಸಿದರು, ಕನ್ನಡಕ ಏರಿಸಿದರು, ಅನುಭವಸ್ಥರ ದನಿಯಲ್ಲಿ ತೀರ್ಪು ಕೊಟ್ಟರು: "ಕಂಪ್ರೆಸರಿಗೆ ಕೈ ಹಾಕಬ್ಯಾಡ್ರಿ, ದುಡ್ಡು ದಂಡ. ಮೊದಲು ಗ್ಯಾಸ್ ತುಂಬಿಸಿ ನೋಡ್ರಿ."