ನಾಯಕಿ ಬೇಕಾಗಿದ್ದಾಳೆ, ಭಾಷೆ ಬರಬಾರದು

ಸಂಜೆ ಏಳಾಯಿತೆಂದರೆ ರಾಯಚೂರಿನ ತೀನ್ ಕಂದೀಲಿನಿಂದ ದೇವದುರ್ಗ, ಮಾನ್ವಿಯ ಓಣಿಗಳವರೆಗೆ ನಮ್ಮ ಹೆಣ್ಣುಮಕ್ಕಳೆಲ್ಲ ಬೇರೆಯವರ ಸಂಸಾರ ನೋಡಲು ಕೂಡುತ್ತಾರೆ. ಆ ಸಂಸಾರ ಬೆಂಗಳೂರಿನಲ್ಲಿದೆ. ಅಲ್ಲಿಯ ಸೊಸೆ ರೇಷ್ಮೆ ಸೀರೆಯಲ್ಲೇ ಮಲಗಿ ರೇಷ್ಮೆ ಸೀರೆಯಲ್ಲೇ ಏಳುತ್ತಾಳೆ. ಎಷ್ಟು ಅತ್ತರೂ ಕಾಡಿಗೆ ಕದಡುವುದಿಲ್ಲ. ಅತ್ತೆ ಕೊಡುವುದು ಒಂದೇ ಏಟು, ಅದು ಬೀಳುವುದು ಮಾತ್ರ ಮೂರು ಸಲ, ಮೂರು ದಿಕ್ಕಿನಿಂದ, ಗುಡುಗು ಸಮೇತ. ಸೊಸೆ ಬಡವರ ಮನೆಯ ಮಗಳಂತೆ. ಆ ಬಡವರ ಅಡುಗೆಮನೆಯಲ್ಲಿ ನಮ್ಮ ಕಡೆಯ ಎರಡು ಕುಟುಂಬ ಬಾಡಿಗೆಗೆ ಇರಬಹುದು.

ಈ ಕಣ್ಣೀರಿನಲ್ಲಿ ನಮ್ಮ ಜಿಲ್ಲೆಯ ಪಾಲಿಲ್ಲ ಎಂದು ಯಾರೂ ಬೇಸರಪಡಬಾರದು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ಬೂದಿ ನಮ್ಮ ಅಂಗಳಕ್ಕೆ, ಬೆಳಕು ಆಕೆಯ ಮೇಕಪ್ ಕನ್ನಡಿಗೆ. ಇನ್ನು ಆ ಸಂಸಾರ ನಡೆಯುವ ಬಂಗಲೆಯ ವಿಚಾರ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿ ಕೊಟ್ಟಾಗ ದೇವದುರ್ಗ ಅದರಲ್ಲಿತ್ತು. ಅಲ್ಲಿಂದ ಇವತ್ತಿಗೂ ಜನ ಗುಳೆ ಹೋಗುತ್ತಾರೆ, ಬೆಂಗಳೂರಿನಲ್ಲಿ ಗಿಲಾವು ಮಾಡುತ್ತಾರೆ, ಟೈಲ್ಸ್ ಕೂಡಿಸುತ್ತಾರೆ. ಸೊಸೆ ಜಾರಿಬೀಳುವ ಮೆಟ್ಟಿಲನ್ನು ಕಟ್ಟಿದವರು ನಮ್ಮವರೇ ಇರಬೇಕು. ಹೆಸರು ಹಾಕುವಾಗ ಅವರದ್ದು ಬಿಟ್ಟುಹೋಗುತ್ತದೆ, ಅಷ್ಟೇ.

ನಾಯಕಿಯ ಬದುಕೂ ಹೂವಿನ ಹಾಸಿಗೆ ಅಲ್ಲ ಬಿಡಿ. ಆಕೆಯದೂ ದಿನದ ಲೆಕ್ಕದ ದುಡಿಮೆ. ನಸುಕಿನಲ್ಲಿ ಮೇಕಪ್, ರಾತ್ರಿ ಪ್ಯಾಕಪ್, ಗುರುವಾರ ಬಂತೆಂದರೆ ಟಿಆರ್‌ಪಿಯ ಫಲಿತಾಂಶ. ಡೇಟ್ಸ್ ವಿಷಯದಲ್ಲಿ ಸ್ವಲ್ಪ ದನಿ ಏರಿಸಿದಳೋ, ಮುಂದಿನ ವಾರವೇ ಕಾರು ಅಪಘಾತ, ಮುಖಕ್ಕೆ ಬ್ಯಾಂಡೇಜು, ಪ್ಲಾಸ್ಟಿಕ್ ಸರ್ಜರಿ. ಬ್ಯಾಂಡೇಜು ಬಿಚ್ಚಿದರೆ ಒಳಗೆ ಬೇರೊಬ್ಬ ನಟಿ. ಗಂಡ ಮಾತ್ರ ಗುರುತು ಹಿಡಿಯುತ್ತಾನೆ. ಗುಳೆ ಹೋದವರನ್ನು ಕೆಲಸದಿಂದ ತೆಗೆಯುವಾಗ ಮೇಸ್ತ್ರಿ ಇಷ್ಟೆಲ್ಲ ಕಥೆ ಕಟ್ಟುವುದಿಲ್ಲ.

ಆದರೆ ಆ ದಿನಗೂಲಿಯಾದರೂ ನಮ್ಮ ಹುಡುಗಿಗೆ ಸಿಗಬೇಕಲ್ಲ! ಧಾರಾವಾಹಿಯಲ್ಲಿ ನಮ್ಮ ಮಾತಿಗೆ ಗೊತ್ತುಪಡಿಸಿದ ಜಾಗಗಳಿವೆ: ಅಡುಗೆಯವಳು, ವಾಚ್‌ಮನ್, ಊರಿಂದ ಬಂದು ಎದ್ದು ಹೋಗದ ಸಂಬಂಧಿ. 'ಬರ್ರಿ, ಕುಂದರ್ರಿ' ಅಂದರೆ ಸಾಕು, ಹಿಂದಿನಿಂದ ಕಾಮಿಡಿ ಸಂಗೀತ ಬರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಅಳುವ ಕೆಲಸ ಮೈಸೂರು ಕನ್ನಡದ್ದು, ಶನಿವಾರ ಭಾನುವಾರ ನಗಿಸುವ ಕೆಲಸ ನಮ್ಮದು. ನಮಗೆ ದುಃಖವೇ ಇಲ್ಲವೆಂದು ವಾಹಿನಿಗಳು ತಿಳಿದಿದ್ದರೆ ಅದನ್ನು ಹೊಗಳಿಕೆ ಎಂದೇ ಭಾವಿಸೋಣ.

ಹಳ್ಳಿ ಮಾತು ಓಡುವುದಿಲ್ಲ ಎಂಬ ವಾದವನ್ನು ಉಮಾಶ್ರೀ ಮುಗಿಸಿಹಾಕಿದ್ದಾರೆ. ರಂಗದ ಮೇಲೆ 'ಒಡಲಾಳ'ದ ಸಾಕವ್ವನಾಗಿ ಹೆಸರಾದವರು ಅವರು. 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಪಡೆದವರು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆಯೂ ಆದರು. 2021ರ ಕೊನೆಯಲ್ಲಿ ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ಶುರುವಾಗಿ, ಅವರ ಮೆಸ್ ನಡೆಸುವ ಪುಟ್ಟಕ್ಕ ಹಳ್ಳಿ ಮಾತನಾಡಿಕೊಂಡೇ ಟಿಆರ್‌ಪಿಯ ತುದಿಗೇರಿದಳು. ಅಂದರೆ ಗ್ರಾಮ್ಯ ಓಡುತ್ತದೆ, ಗ್ರಾಮ ಮಾತ್ರ ತುಂಗಭದ್ರೆಯ ಆಚೆ ದಡದಲ್ಲಿರಬೇಕು. ವೋಟು ಉತ್ತರದ್ದಾದರೂ ನಡೆಯುತ್ತದೆ.

ನಮ್ಮ ಭಾಗದ ಹೆಣ್ಣುಮಗಳೊಬ್ಬರು ಈ ಕಟ್ಟಳೆಯನ್ನು ಮುರಿದಿದ್ದರು. ಕಲಬುರಗಿಯಲ್ಲಿ ಹುಟ್ಟಿದ ವೈಶಾಲಿ ಕಾಸರವಳ್ಳಿ. ರಂಗಭೂಮಿ, ಸಿನಿಮಾ, ಕಿರುತೆರೆ ಮೂರರಲ್ಲೂ ನಟಿಸಿದವರು, 'ತಾಯಿ ಸಾಹೇಬ'ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಈಟಿವಿ ಕನ್ನಡಕ್ಕೆ ಅವರು ನಿರ್ದೇಶಿಸಿದ 'ಮೂಡಲ ಮನೆ'ಯಲ್ಲಿ ಉತ್ತರ ಕರ್ನಾಟಕದ ಮಾತು ಅಡುಗೆಮನೆಯಿಂದ ಪಡಸಾಲೆಗೆ ಬಂದು ಕೂತಿತು. ಮೈಸೂರಿನವರೂ ನೋಡಿದರು, ಯಾರಿಗೂ ಅಜೀರ್ಣವಾಗಲಿಲ್ಲ. ವೈಶಾಲಿ 2010ರಲ್ಲಿ ತೀರಿಕೊಂಡರು. ಆಮೇಲೆ 'ಗಿಣಿರಾಮ'ದಂಥ ಒಂದೆರಡು ಬಂದವು. ಉಳಿದಂತೆ ವಾಹಿನಿಗಳು ಪಡಸಾಲೆ ಗುಡಿಸಿ ಸ್ವಚ್ಛ ಮಾಡಿಕೊಂಡವು.

ಬೇಡವೆಂದು ರಿಮೋಟ್ ಒತ್ತಿ ತೆಲುಗು ವಾಹಿನಿಗೆ ಹೋದರೆ? ನಮ್ಮಲ್ಲಿ ಅದು ದೂರದ ಪ್ರಯಾಣವಲ್ಲ, ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಅಲ್ಲಿ 'ಶಶಿರೇಖಾ ಪರಿಣಯಂ' ನಾಯಕಿ ಮೇಘನಾ ಲೋಕೇಶ್ ಮೈಸೂರಿನವರು. 'ನಾ ಪೇರು ಮೀನಾಕ್ಷಿ'ಯ ನವ್ಯಾ ಸ್ವಾಮಿಯೂ ಮೈಸೂರಿನವರು. ಹೈದರಾಬಾದಿನ ಸ್ಟುಡಿಯೊಗಳಿಗೆ ಕನ್ನಡದ ಹುಡುಗಿಯರೆಂದರೆ ಬಲು ಪ್ರೀತಿ. ತೆಲುಗು ಬಾರದಿದ್ದರೆ ತೊಂದರೆಯಿಲ್ಲ, ಬೇರೆಯವರು ಕಂಠ ಕೊಡುತ್ತಾರೆ. ದುಡಿದು ಮೇಲೆ ಬಂದ ಆ ನಟಿಯರ ಮೇಲೆ ನನಗೆ ದೂರಿಲ್ಲ. ಆದರೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಮಾತಾಡುತ್ತ ಬೆಳೆದ ರಾಯಚೂರಿನ ಹುಡುಗಿ ಎರಡೂ ವಾಹಿನಿಗಳ ಮುಂದೆ ಕೂತು ಸಜ್ಜೆ ರೊಟ್ಟಿ ತಿನ್ನುತ್ತಿದ್ದಾಳೆ. 2021ರಲ್ಲಿ ನಮ್ಮ ನಗರದ ಶಾಸಕರೇ ಬೇಸತ್ತು ರಾಯಚೂರನ್ನು ತೆಲಂಗಾಣಕ್ಕೆ ಸೇರಿಸಿಬಿಡಿ ಎಂದಿದ್ದರು. ಸೇರಿಸಿದರೂ ಈಕೆಗೆ ಪಾತ್ರ ಸಿಗುವ ಹಾಗಿಲ್ಲ. ಅಲ್ಲಿಗೂ ಮೈಸೂರಿನವರೇ ಬಂದಿರುತ್ತಾರೆ.

ಇಷ್ಟಾದ ಮೇಲೂ ಮಾನ್ವಿಯ ಒಬ್ಬ ಹುಡುಗಿ ರಾತ್ರಿ ಬಸ್ಸು ಹತ್ತಿ ಆಡಿಷನ್‌ಗೆ ಹೋದಳೆಂದು ಇಟ್ಟುಕೊಳ್ಳಿ. ಫೋಟೊ ಚಂದ ಬರುತ್ತದೆ, ಅಭಿನಯವೂ ಒಪ್ಪಿಗೆ. ಬಾಯಿ ತೆರೆದ ಕೂಡಲೇ ಮ್ಯಾನೇಜರ್ ಪೆನ್ನು ಕೆಳಗಿಡುತ್ತಾನೆ. "ನ್ಯೂಟ್ರಲ್ ಕನ್ನಡ ಬರಲ್ವಾಮ್ಮ?" ಕೆಲಸದವಳ ಪಾತ್ರ ಇದೆ, ಎರಡು ಸೀನು, ಆ ಸ್ಲ್ಯಾಂಗ್ ಸ್ವಲ್ಪ ಜಾಸ್ತಿ ಹಾಕು, ನಗು ಬರಬೇಕು ಎನ್ನುತ್ತಾನೆ. ಈಕೆ ಒಲ್ಲೆನೆಂದು ವಾಪಸ್ ಬರುತ್ತಾಳೆ.

ಆರು ತಿಂಗಳಿಗೆ ಅದೇ ಮ್ಯಾನೇಜರ್ ಫೋನು. ಹೊಸ ಧಾರಾವಾಹಿಯಂತೆ, ನಾಯಕಿ ಉತ್ತರ ಕರ್ನಾಟಕದವಳಂತೆ. ಹುಡುಗಿಯ ಎದೆ ಹಾರುತ್ತದೆ. ಹೋಗಿ ನೋಡಿದರೆ ನಾಯಕಿಯ ಕುರ್ಚಿಯಲ್ಲಿ ಆಗಲೇ ಒಬ್ಬರಿದ್ದಾರೆ. ಈಕೆ ಪಕ್ಕದಲ್ಲಿ ನಿಂತು ಮಾತು ಹೇಳಿಕೊಡಬೇಕು. "ಹೋಗ್ತೀನಿ ಅಲ್ಲರೀ ಅಕ್ಕಾ, ಹೊಕ್ಕೀನಿ ಅನ್ರಿ." ಸಂಜೆ ಪ್ಯಾಕಪ್ ಆದ ಮೇಲೆ ಹಿಂಜರಿಯುತ್ತ ಪೇಮೆಂಟ್ ಕೇಳಿದರೆ ಮ್ಯಾನೇಜರ್‌ಗೆ ನಿಜಕ್ಕೂ ಆಶ್ಚರ್ಯ.

"ನಿಮ್ ಭಾಷೆ ತಾನೇಮ್ಮ, ಅದಕ್ಕೂ ದುಡ್ಡಾ?"