ಪಟ್ಟಿಗೆ ಬರೆದ್ರೆ ಕೆಲಸ ಆದಂಗೇನಾ?

ನಿಮ್ಮ ಫೋನ್ ಸ್ವಲ್ಪ ಕೊಡಿ ಇಲ್ಲಿ. ಹೆದರ್ಬೇಡಿ, ಗ್ಯಾಲರಿ ನೋಡಲ್ಲ. (ಮೆಸೇಜೂ ನೋಡಲ್ಲ, ದೇವರಾಣೆ.) ಕೆಲಸದ ಪಟ್ಟಿ ಇಡೋಕೆ ಅಂತ ಎಷ್ಟು ಆ್ಯಪ್ ಹಾಕ್ಕೊಂಡಿದ್ದೀರಿ, ಅದನ್ನ ಎಣಿಸಬೇಕು, ಅಷ್ಟೇ. ಗೂಗಲ್ ಟಾಸ್ಕ್ಸ್, ಪಕ್ಕದಲ್ಲೇ ಕೀಪ್, ಮೈಕ್ರೋಸಾಫ್ಟ್ ಟು ಡು, ಯಾರೋ ಆಫೀಸಲ್ಲಿ ಹೊಗಳಿದ್ರು ಅಂತ ಟುಡೂಯಿಸ್ಟ್. ನಾಲ್ಕರಲ್ಲೂ ಮೊದಲನೇ ಸಾಲು ಒಂದೇ: ‘ಹಲ್ಲಿನ ಡಾಕ್ಟರ್ ಹತ್ರ ಹೋಗಬೇಕು’. ಹಲ್ಲು ಮಾತ್ರ ಅಲ್ಲಾಡ್ತಾನೇ ಇದೆ, ಅಲ್ವಾ?

‘ಸರಿಯಾದ ಆ್ಯಪ್ ಸಿಕ್ಕಿಲ್ಲ ಕಣ್ರೀ’ ಅಂತೀರಿ. ಆಯ್ತು, ಆ್ಯಪ್‌ಗಳದ್ದೇ ವಿಚಾರಣೆ ಮಾಡಿಬಿಡೋಣ. ಗೂಗಲ್ ಟಾಸ್ಕ್ಸ್ ಬೇರೆ ಆ್ಯಪ್ ಆಗಿ ಬಂದಿದ್ದು 2018ರಲ್ಲಿ. ಪ್ಲಸ್ ಗುರುತು ಒತ್ತಿ, ಬರೀರಿ, ತಾರೀಖು ಹಾಕಿ, ಮುಗೀತು. ತಾರೀಖು ಹಾಕಿದ್ದು ಕ್ಯಾಲೆಂಡರಿನಲ್ಲೂ ಕಾಣುತ್ತೆ. ಪಟ್ಟಿಯನ್ನ ಮನೆಯವರ ಜೊತೆ ಹಂಚ್ಕೊಳ್ಳೋಕೆ ಮಾತ್ರ ಆಗಲ್ಲ. ದಿನಸಿ ಚೀಟಿಗೆ ಕೀಪ್ ವಾಸಿ, ಗಂಡ ಅಂಗಡೀಲಿ ನಿಂತಿರುವಾಗಲೇ ನೀವು ಇಲ್ಲಿಂದ ‘ಹುಣಸೆಹಣ್ಣು’ ಸೇರಿಸಬಹುದು. (ಅವರು ‘ನೋಡ್ಲಿಲ್ಲ’ ಅಂದ್ರೆ ಅದು ಆ್ಯಪಿನ ತಪ್ಪಲ್ಲ.)

ಟುಡೂಯಿಸ್ಟ್ 2007ರ ಹಳೇ ಕುಳ. ಕೆಲಸ ಮುಗಿಸಿದ್ರೆ ಅಂಕ ಕೊಡುತ್ತೆ, ಆ ಅಂಕಕ್ಕೆ ಹೆಸರು ‘ಕರ್ಮ’. (ನಗಬೇಡಿ, ನಿಜ.) ಗಡುವು ದಾಟಿ ನಾಲ್ಕು ದಿನ ಆದ್ರೂ ಕೆಲಸ ಹಾಗೇ ಬಿದ್ದಿದ್ರೆ ಕರ್ಮ ಕಡಿಮೆ ಆಗುತ್ತೆ. ನೀವೇನ್ ಮಾಡ್ತೀರಿ ಗೊತ್ತಾ? ಮೂರನೇ ದಿನ ರಾತ್ರಿ ತಾರೀಖು ಮುಂದಕ್ಕೆ ತಳ್ಳಿ ಮಲಕ್ಕೊಳ್ತೀರಿ. ಕರ್ಮವೂ ಉಳೀತು, ಕೆಲಸವೂ ಉಳೀತು!

ನಿಮ್ಮ ಗುಟ್ಟು ಚೆನ್ನಾಗಿ ಬಲ್ಲದ್ದು ಮೈಕ್ರೋಸಾಫ್ಟ್ ಟು ಡು. ಬರ್ಲಿನ್‌ನಲ್ಲಿ ವುಂಡರ್‌ಲಿಸ್ಟ್ ಅಂತ ಒಂದು ಆ್ಯಪ್ ಇತ್ತು, ಜನಕ್ಕೆ ಅದರ ಮೇಲೆ ಪ್ರಾಣ. ಮೈಕ್ರೋಸಾಫ್ಟ್ 2015ರಲ್ಲಿ ಅದನ್ನ ಕೊಂಡು, 2020ರ ಮೇನಲ್ಲಿ ಬಾಗಿಲು ಹಾಕಿ, ಎಲ್ಲರನ್ನೂ ಟು ಡು ಕಡೆ ಕಳಿಸ್ತು. ಇದರಲ್ಲಿ ‘ಮೈ ಡೇ’ ಅಂತ ಒಂದು ಪುಟ ಇದೆ. ಬೆಳಿಗ್ಗೆ ನೀವೇ ಕೂತು ಇವತ್ತಿನ ಕೆಲಸ ಆರಿಸಿ ಹಾಕಬೇಕು. ರಾತ್ರಿ ತಾನಾಗೇ ಖಾಲಿ. ಹಲ್ಲಿನ ಡಾಕ್ಟರನ್ನ ದಿನಾ ಬೆಳಿಗ್ಗೆ ನಿಮ್ಮ ಕೈಯಾರೆ ಮತ್ತೆ ಬರಮಾಡ್ಕೋಬೇಕು. ಎಷ್ಟು ದಿನ ಅಂತ ಮುಖ ಮುಚ್ಚಿಕೊಳ್ತೀರಿ ಹೇಳಿ?

ಇವು ಯಾವುದೂ ಬೇಡ ಅನ್ನೋ ಜಾಣರಿದ್ದಾರೆ, ವಾಟ್ಸಾಪ್ ಪಂಗಡ. ತಮಗೆ ತಾವೇ ಮೆಸೇಜ್ ಹಾಕ್ಕೊಳ್ಳೋ ಸೌಲಭ್ಯವನ್ನ ವಾಟ್ಸಾಪ್ ಕೊಟ್ಟಿದ್ದು 2022ರ ಕೊನೆಗೆ. ಅದಕ್ಕೂ ಮುಂಚೆ? ಹೆಂಡತೀನ ಸೇರಿಸಿ ಒಂದು ಗ್ರೂಪ್ ಮಾಡಿ, ಮರುಕ್ಷಣವೇ ಅವರನ್ನ ಹೊರಗೆ ಹಾಕಿ, ಒಬ್ಬರೇ ಅಡ್ಮಿನ್ ಆಗಿ ಕೂರ್ತಿದ್ರು. (ನೀವಲ್ಲ, ಬಿಡಿ. ನಿಮ್ಮ ಪಕ್ಕದವರು.) ಬರೆಯೋಕೆ ಇಷ್ಟು ಸಲೀಸಾದ ಜಾಗ ಇನ್ನೊಂದಿಲ್ಲ. ಹಾಕಿದ್ದು ಮೇಲೆ ಮೇಲೆ ಹೋಗ್ತಾ ಇರುತ್ತೆ, ಟಿಕ್ ಇಲ್ಲ, ತಾರೀಖಿಲ್ಲ. ಕರೆಂಟ್ ಬಿಲ್ಲಿನ ಸಾಲು ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಸಮಾಧಿ.

ಈಗ ಅಸಲಿ ವಿಷಯ. ಬರ್ಲಿನ್‌ನಲ್ಲೇ ಬ್ಲೂಮಾ ಝೈಗಾರ್ನಿಕ್ ಅನ್ನೋ ಮನಶ್ಶಾಸ್ತ್ರಜ್ಞೆ 1927ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದ್ರು: ಅರ್ಧಕ್ಕೆ ನಿಂತ ಕೆಲಸ, ಮುಗಿದ ಕೆಲಸಕ್ಕಿಂತ ಚೆನ್ನಾಗಿ ನೆನಪಲ್ಲಿ ಉಳಿಯುತ್ತೆ ಅಂತ. ಆಮೇಲೆ 2011ರಲ್ಲಿ ಮಸಿಕಾಂಪೊ, ಬೌಮೈಸ್ಟರ್ ಅನ್ನೋ ಇಬ್ಬರು ಅಮೆರಿಕದಲ್ಲಿ ಇನ್ನೊಂದು ತೋರಿಸಿದ್ರು. ಆ ಕಾಟ ಹೋಗೋಕೆ ಕೆಲಸ ಮುಗಿಸಲೇಬೇಕು ಅಂತಿಲ್ಲ, ಯಾವಾಗ ಎಲ್ಲಿ ಮಾಡ್ತೀನಿ ಅಂತ ಗಟ್ಟಿಯಾಗಿ ಯೋಜನೆ ಹಾಕ್ಕೊಂಡ್ರೂ ತಲೆ ಹಗುರ ಆಗುತ್ತೆ ಅಂತ. ಗೊತ್ತಾಯ್ತಾ ಎಲ್ಲಿ ಸಿಕ್ಕಿಹಾಕ್ಕೊಂಡ್ರಿ? ಪಟ್ಟಿಗೆ ಬರೆದ ತಕ್ಷಣ ಒಂದು ‘ಅಬ್ಬಾ’ ಬರುತ್ತಲ್ಲ, ಆ ‘ಅಬ್ಬಾ’ದಲ್ಲೇ ಕಾಫಿ ಕುಡ್ಕೊಂಡು ಕೂತ್ಬಿಡ್ತೀರಿ!

ಇನ್ನೊಂದು ಕೇಳ್ಲಾ? ಆಗಲೇ ಮುಗಿದಿರೋ ಕೆಲಸವನ್ನ ಪಟ್ಟಿಗೆ ಬರೆದು, ತಕ್ಷಣ ಟಿಕ್ ಮಾಡಿದ್ದುಂಟಾ? ‘ಗಿಡಕ್ಕೆ ನೀರು’ ಅಂತ, ನೀರು ಹಾಕಿದ ಮೇಲೆ? ಉಂಟು, ಉಂಟು, ಮುಖ ನೋಡಿದ್ರೇ ಗೊತ್ತಾಗುತ್ತೆ. ಪಟ್ಟಿಗೆ ಬಣ್ಣ ಬದಲಾಯಿಸೋದು, ಎಮೋಜಿ ಅಂಟಿಸೋದು, ‘ಮನೆ’ ಅನ್ನೋ ಪಟ್ಟಿಯನ್ನ ‘ಮನೆ, ಅರ್ಜೆಂಟ್’ ಮತ್ತೆ ‘ಮನೆ, ನಿಜವಾಗ್ಲೂ ಅರ್ಜೆಂಟ್’ ಅಂತ ಒಡೆಯೋದು, ಭಾನುವಾರ ಮಧ್ಯಾಹ್ನ ಪೂರ್ತಿ ಇದೇ. ‘ತೂಕ ಇಳಿಸಬೇಕು’ ಅಂತ ಬೇರೆ ಬರೆದಿದ್ದೀರಿ. ಅದನ್ನ ಟಿಕ್ ಮಾಡೋದು ಯಾವತ್ತು ಮಾರಾಯ್ರೇ? ‘ಸಂಜೆ ಆರಕ್ಕೆ ಪಾರ್ಕಲ್ಲಿ ಎರಡು ಸುತ್ತು’ ಅಂತ ಬರೀರಿ, ಅದು ಕೆಲಸ.

ತೀರ್ಪು ಕೇಳ್ತೀರಾ? ನಿಮಗೆ, ನನಗೆ ಗೂಗಲ್ ಟಾಸ್ಕ್ಸ್ ಸಾಕು. ತಾರೀಖು ಇರೋದನ್ನ ಮಾತ್ರ ಅದರೊಳಗೆ ಹಾಕಿ: ಎಲ್‌ಐಸಿ ಕಂತು, ಗಾಡಿ ಇನ್ಶೂರೆನ್ಸು, ಏಪ್ರಿಲ್ ಮೊದಲ ವಾರ ಆಸ್ತಿ ತೆರಿಗೆ. ಬೆಂಗಳೂರಲ್ಲಿ ಆ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿ ಕೊಡ್ತಾ ಬಂದಿದ್ದಾರೆ, ಒಮ್ಮೆ ಬರೆದು ವರ್ಷಾವರ್ಷ ರಿಪೀಟ್ ಕೊಟ್ರೆ ಮುಗೀತು. ಕೆಲವು ಫೋನ್‌ಗಳು ಬ್ಯಾಟರಿ ಉಳಿಸೋ ಭರದಲ್ಲಿ ಆ್ಯಪನ್ನೇ ಮಲಗಿಸಿಬಿಡ್ತವೆ, ಗಂಟೆ ಹೊಡೆಯೋದೇ ಇಲ್ಲ. ಸೆಟ್ಟಿಂಗ್ಸಲ್ಲಿ ಇದೊಂದಕ್ಕೆ ವಿನಾಯಿತಿ ಕೊಡಿ.

ಎರಡು ನಿಮಿಷದ ಫೋನ್ ಕರೇನ ಯಾವ ಪಟ್ಟಿಗೂ ಬರೀಬೇಡಿ, ಮಾಡಿಬಿಡಿ. ದಿನಸಿಗೆ ಕೀಪ್ ಇರ್ಲಿ, ಮಿಕ್ಕ ಆ್ಯಪ್ ಈಗಲೇ ತೆಗೀರಿ. ‘ಆ್ಯಪ್ ತೆಗೀಬೇಕು’ ಅಂತ ಎಲ್ಲೋ ಬರೆದಿಡೋಕೆ ಹೊರಟ್ರಲ್ಲ, ಅದು ಬೇಡ ಅಂದೆ!